ಬಟ್ಟೆ ಹರಿದರೆ ಮರ ಮಾರಬೇಕೆ?



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಮೈಲುತುತ್ತದ ದಾಸ್ತಾನು, ಗೊಬ್ಬರದ ಹಂಚಿಕೆ, ಸಾಲದ ಕಂತು, ಇಲ್ಲವೆ ಅಡಿಕೆಯ ಎಲೆಚುಕ್ಕಿ ರೋಗದ ವಿಚಾರ. ಈ ಬಾರಿ ಕಾರ್ಯದರ್ಶಿ ಸೋಫಾ, ಗಾದಿ, ಹೊಲಿಗೆ ಎಂದು ಹೆಂಗಸರ ಮಾತು ಎತ್ತಿದ್ದಾನಲ್ಲ ಎಂದು ಕೆಲವರು ನಗಬಹುದು. ನಗಲಿ. ಹೆಂಗಸರ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳದೆ ಇದ್ದುದರಿಂದ ಆದ ನಷ್ಟದ ಲೆಕ್ಕವನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

2024 ಮತ್ತು 2025ರಲ್ಲಿ ಕಾಫಿಗೆ ನಾವು ಕನಸಿನಲ್ಲೂ ಎಣಿಸದ ಬೆಲೆ ಬಂತು. ಬಂದದ್ದು ಸಂತೋಷವೇ. ಅಂದಿನಿಂದ ನಮ್ಮ ಊರ ರಸ್ತೆಯಲ್ಲಿ ಒಂದು ನೋಟ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದೆ. ಪೇಟೆಯಿಂದ ಬರುವ ಪಿಕಪ್ ವಾಹನದಲ್ಲಿ ರೆಕ್ಸಿನ್ ಹೊದಿಸಿದ ಹೊಸ ಸೋಫಾ ಸೆಟ್ಟು ಬರುತ್ತದೆ. ಹಿಂದಿರುಗುವಾಗ ಅದೇ ವಾಹನದಲ್ಲಿ ಬೀಟೆಯ, ಸಾಗುವಾನಿಯ, ಹಲಸಿನ ಹಳೆಯ ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ಹೋಗುತ್ತವೆ. ಒಳಗೆ ಏನಿದೆಯೆಂದು ಬಿಚ್ಚಿ ನೋಡದೆ, ಮೇಲಿನ ಬಟ್ಟೆ ಹರಿಯಿತೆಂದು ಕೊಟ್ಟುಬಿಟ್ಟ ಸಾಮಾನುಗಳು ಅವು. ಈ ವ್ಯಾಪಾರದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು ನಾನು.

2001ರ ಮಾತು. ಆ ವರ್ಷ ಲೋಕದ ಪೇಟೆಯಲ್ಲಿ ಕಾಫಿ ಬೆಲೆ ಹಲವು ದಶಕಗಳಲ್ಲೇ ಅತಿ ಕೆಳಕ್ಕೆ ಇಳಿದಿತ್ತು. ಅಡಿಕೆಯೂ ಅದೇ ಸುಮಾರಿಗೆ ಕುಸಿದಿತ್ತು. ಕೊಯ್ಲಿನ ಕೂಲಿ ಹುಟ್ಟಿದರೆ ಸಾಕು ಎಂಬ ಕಾಲ. ಮನೆಯ ಜಗುಲಿಯಲ್ಲಿ ತಂದೆಯವರ ಕಾಲದ ನಾಲ್ಕು ಬೀಟೆಯ ಕುರ್ಚಿಗಳೂ ಮೂವರು ಕೂರುವ ಒಂದು ಸೋಫಾವೂ ಇದ್ದವು. ರೆಕ್ಸಿನ್ ಸೀಳಿ, ತೆಂಗಿನ ನಾರು ಹೊರಬಿದ್ದು, ಒಂದರಲ್ಲಿ ಸ್ಪ್ರಿಂಗು ಎದ್ದು ಬಂದವರ ಪಂಚೆಗೆ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದ. ಕುರ್ಚಿಯನ್ನು ಎತ್ತಿ, ತಿರುಗಿಸಿ, ತುಟಿ ಕೊಂಕಿಸಿ, "ಬರೀ ಸೌದೆ ಸ್ವಾಮಿ" ಎಂದ. ನಾಲ್ಕೂ ಕುರ್ಚಿಗೆ ಅವನು ಕೊಟ್ಟ ಹಣ ಎರಡು ವಾರದ ಆಳಿನ ಬಟವಾಡೆಗೆ ಸರಿಹೋಯಿತು. ಸೋಫಾವನ್ನೂ ಕೊಡುತ್ತಿದ್ದೆ, ತಾಯಿಯವರು ಅದರ ಮೇಲೆ ಕೂತವರು ಏಳಲಿಲ್ಲ.

ಎರಡು ವರ್ಷ ಕಳೆದು ಸಂಘದ ಕೆಲಸಕ್ಕೆಂದು ದೊಡ್ಡ ಪೇಟೆಗೆ ಹೋದಾಗ ಒಂದು ಅಂಗಡಿಯ ಗಾಜಿನ ಆಚೆ ಆ ಕುರ್ಚಿಗಳನ್ನು ಕಂಡೆ. ಹೊಸ ಬಟ್ಟೆ, ಹೊಸ ಪಾಲಿಷು. ಎಡಗೈಯ ಮೇಲೆ, ನಾನು ಚಿಕ್ಕವನಿದ್ದಾಗ ಬಿಸಿ ಕಾಫಿ ಪಾತ್ರೆ ಇಟ್ಟು ಮಾಡಿದ ದುಂಡು ಕಲೆ ಹಾಗೆಯೇ ಇತ್ತು. ಬೆಲೆ ಕೇಳಿದೆ. ಒಂದೊಂದಕ್ಕೆ ಹೇಳಿದ್ದು ನಾಲ್ಕಕ್ಕೂ ಸೇರಿ ನನಗೆ ಬಂದದ್ದರ ಹಲವು ಪಟ್ಟು. ಮನೆಗೆ ಬಂದು ಹೇಳಿದಾಗ ತಾಯಿಯವರು ಅಡಿಕೆ ಸುಲಿಯುವ ಕೈ ನಿಲ್ಲಿಸದೆ ಹೇಳಿದ್ದು ಇಷ್ಟೆ: "ಬಟ್ಟೆ ಹರೀತು ಅಂತ ಮರ ಮಾರಿದ್ಯಲ್ಲ ಮಾರಾಯ!"

ಈಗ ಅಂಥ ಮರ ಮತ್ತೆ ಎಲ್ಲಿಂದ ಬರಬೇಕು? ನಮ್ಮದೇ ತೋಟದ ಬೀಟೆಯನ್ನು ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆಯ ಜಾತಿಯ ಮರಗಳು 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲೂ ಸೇರಿವೆ. ಹೊಸ ಸೋಫಾದ ಬಟ್ಟೆ ಎಷ್ಟೇ ಚೆಂದವಿರಲಿ, ಒಳಗಿನ ಚೌಕಟ್ಟು ಪ್ಲೈವುಡ್ಡಿನದೋ ಮೆದು ಮರದ್ದೋ ಆಗಿದ್ದರೆ ನಮ್ಮ ಮಳೆಗಾಲ ಅದನ್ನು ಬಹಳ ಕಾಲ ಬಿಡುವುದಿಲ್ಲ. ಆಗುಂಬೆಯ ಮಗ್ಗುಲಲ್ಲಿ ವಾಸ ಮಾಡುವ ನಮಗೆ ಶ್ರಾವಣದಲ್ಲಿ ಚಪ್ಪಲಿಗೆ ಬೂಸಲು ಬರುವುದು ಗೊತ್ತಲ್ಲ, ರೆಕ್ಸಿನ್ನಿನ ಅಡಿಯಲ್ಲಿ ಕೂತ ತೇವಕ್ಕೂ ಅದೇ ಗತಿ. ರೆಕ್ಸಿನ್ ಗಾಳಿಯಾಡಗೊಡದು. ಅಂಗಡಿಯವರು ಅದನ್ನು ಒರೆಸಲು ಸುಲಭ ಎನ್ನುತ್ತಾರೆ. ಒರೆಸುವುದು ಮೇಲೆ, ಕೊಳೆಯುವುದು ಒಳಗೆ.

ಉಳಿದ ಆ ಒಂದು ಸೋಫಾವನ್ನು ನಾವೇ ರಿಪೇರಿ ಮಾಡುವುದೆಂದು ನಿಶ್ಚಯಿಸಿದೆವು. ನಾನು ಬಿ.ಎಸ್ಸಿ. ಓದಿದವನು, ಪಂಪ್‌ಸೆಟ್ಟು ಬಿಚ್ಚಿ ಜೋಡಿಸುವವನು, ಇದೇನು ಮಹಾ ಎಂಬ ಜಂಬ. ಒಂದು ಭಾನುವಾರ ಎಲ್ಲವನ್ನೂ ಕಿತ್ತು ಹಾಕಿದೆ. ಹಳೆಯ ಬಟ್ಟೆಯನ್ನು ಹಂಡೆಯ ಒಲೆಗೆ ತುರುಕಿದೆ. ಸಂತೆಯಿಂದ ತಂದ ನವಾರು ಪಟ್ಟಿಯನ್ನು ಕೈಯಲ್ಲೇ ಎಳೆದು ಮೊಳೆ ಹೊಡೆದೆ. ಮೇಲೆ ಫೋಮು, ಅದರ ಮೇಲೆ ಬಟ್ಟೆ. ನೋಡಲು ಚೆನ್ನಾಗಿಯೇ ಇತ್ತು. ಮುಂದಿನ ವಾರ ಸಾಲದ ವಿಚಾರಕ್ಕೆ ಬಂದ ಸ್ಥೂಲಕಾಯದ ಅಧಿಕಾರಿಯೊಬ್ಬರು ಕೂತರು. ಕೂತವರು ಇನ್ನೂ ಕೂರುತ್ತಲೇ ಹೋದರು, ಕೊನೆಗೆ ಮೊಣಕಾಲು ಎದೆಗೆ ಬಂತು. ಎರಡು ಕೈ ಕೊಟ್ಟು ಎಬ್ಬಿಸಿದೆವು. ಸಾಲ ಮಂಜೂರಾಯಿತೆಂಬುದು ಅವರ ದೊಡ್ಡತನ.

ಆಗ ನಮ್ಮ ಪೇಟೆಯಲ್ಲಿ ಕುಶನ್ ಕೆಲಸ ಮಾಡುವ ಹಿರಿಯ ಸಾಬರೊಬ್ಬರ ಬಳಿಗೆ ಹೋದೆ. ಅವರ ಹಿರಿಯರು ಬಿಲ್ಲು ಹೆಗಲಿಗೇರಿಸಿ ಮನೆಮನೆಗೆ ಬಂದು ಹಾಸಿಗೆಯ ಹತ್ತಿ ಹಿಂಜುತ್ತಿದ್ದ ಪಿಂಜಾರರು. ಅಂಗಳದಲ್ಲಿ ಆ ಬಿಲ್ಲಿನ ಟಂಯ್ ಟಂಯ್ ಸದ್ದು ಕೇಳಿದ ನೆನಪು ನಮ್ಮ ವಯಸ್ಸಿನವರಿಗೆ ಇದ್ದೀತು. ಸಾಬರು ನನ್ನ ಕಥೆ ಕೇಳಿ ಮೊದಲು ಕೇಳಿದ್ದು, "ಹಳೇ ಬಟ್ಟೆ ಎಲ್ಲಿ ಗೌಡ್ರೆ?" ಒಲೆಗೆ ಹೋಯಿತೆಂದೆ. ಅವರು ತಲೆ ಚಚ್ಚಿಕೊಂಡರು. ಹರಿದ ಬಟ್ಟೆಯೇ ಅಳತೆಯ ನಕ್ಷೆಯಂತೆ. ಒಂದೊಂದು ತುಂಡನ್ನೂ ಜೋಪಾನವಾಗಿ ಬಿಡಿಸಿ, ಇದು ಬೆನ್ನು, ಇದು ಎಡಗೈ, ಇದು ಮುಂದಿನ ಪಟ್ಟಿ ಎಂದು ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡರೆ ಅದನ್ನೇ ಹೊಸ ಬಟ್ಟೆಯ ಮೇಲಿಟ್ಟು ಕತ್ತರಿಸಬಹುದು. ಬಿಚ್ಚುವುದಕ್ಕೂ ಕ್ರಮವಿದೆ. ಕಟ್ಟುವಾಗ ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಬೇಕು: ಅಡಿಯ ಧೂಳು ಬಟ್ಟೆ, ಆಮೇಲೆ ಬೆನ್ನಿನ ಹೊರ ಬಟ್ಟೆ, ಅನಂತರ ಕೈಗಳು, ಕಡೆಯಲ್ಲಿ ಕೂರುವ ಭಾಗ. ಈಗಂತೂ ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆ. ಒಂದೊಂದು ಹಂತಕ್ಕೂ ಒಂದು ಚಿತ್ರ ತೆಗೆದಿಡಿ, ನನ್ನಂತೆ ಮೊಳೆ ಹಿಡಿದು ಪೆಚ್ಚಾಗಿ ನಿಲ್ಲಬೇಕಾಗುವುದಿಲ್ಲ.

ಸೋಫಾದ ಜೀವ ಇರುವುದು ಕಣ್ಣಿಗೆ ಕಾಣದ ಪಟ್ಟಿಯಲ್ಲಿ. ಸುಮಾರು ಎರಡು ಅಂಗುಲ ಅಗಲದ ಗಟ್ಟಿ ಪಟ್ಟಿಯ ತುದಿಯನ್ನು ಚೌಕಟ್ಟಿನ ಮೇಲಿಟ್ಟು ಅಗಲ ತಲೆಯ ಮೂರು ಸಣ್ಣ ಮೊಳೆ ಹೊಡೆಯಬೇಕು; ತುದಿಯನ್ನು ಮಡಿಸಿ ಮತ್ತೆ ಎರಡು. ಐದು ಮೊಳೆಗಳೂ ಒಂದೇ ಗೆರೆಯಲ್ಲಿ ಬೀಳಬಾರದು, ಬಿದ್ದರೆ ಮರ ಸೀಳುತ್ತದೆ. ಆಚೆ ಬದಿಗೆ ಎಳೆಯುವುದು ಕೈಯಿಂದಲ್ಲ. ಗೇಣುದ್ದದ ಮರದ ತುಂಡೊಂದಕ್ಕೆ ಪಟ್ಟಿಯನ್ನು ಸುತ್ತಿ, ತುಂಡಿನ ಅಡಿಯನ್ನು ಚೌಕಟ್ಟಿಗೆ ಆನಿಸಿ, ಸನ್ನೆಕೋಲಿನಂತೆ ಕೆಳಕ್ಕೆ ಒತ್ತಿದರೆ ಪಟ್ಟಿ ಬಿಗಿಯುತ್ತದೆ. ಆ ಬಿಗಿಯಲ್ಲೇ ಇನ್ನೊಬ್ಬರು ಮೊಳೆ ಹೊಡೆಯಬೇಕು. ಅಡ್ಡ ಪಟ್ಟಿಗಳನ್ನು ಉದ್ದ ಪಟ್ಟಿಗಳ ಮೇಲೊಂದು ಕೆಳಗೊಂದು ಬರುವಂತೆ, ತಟ್ಟಿ ಹೆಣೆದ ಹಾಗೆ ನೇಯಬೇಕು. ಎಷ್ಟು ಬಿಗಿ ಎಂದು ಕೇಳಿದೆ. ಸಾಬರು ಬೆರಳಿನಿಂದ ತಟ್ಟಿ ತೋರಿಸಿದರು: "ಆಟದ ಮದ್ದಲೆ ಕೇಳಿದೀರಲ್ಲ, ಹಾಗೆ ನುಡೀಬೇಕು." ಇದಕ್ಕಿಂತ ಒಳ್ಳೆಯ ಅಳತೆಯನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ.

ಸ್ಪ್ರಿಂಗಿನ ಸೋಫಾ ಆದರೆ ಪಟ್ಟಿಗಳು ಕೂಡುವ ಕಡೆ ಸ್ಪ್ರಿಂಗನ್ನು ಹುರಿಯಿಂದ ಹೊಲಿದು, ಮೇಲ್ತುದಿಯನ್ನು ಸಣಬಿನ ಹುರಿಯಲ್ಲಿ ಎಂಟು ದಿಕ್ಕಿಗೂ ಕಟ್ಟುತ್ತಾರೆ. ಇದು ಕಷ್ಟದ ಕೆಲಸ. ಪ್ರತಿ ಸ್ಪ್ರಿಂಗೂ ಒಂದೇ ಎತ್ತರಕ್ಕೆ ನಿಲ್ಲಬೇಕು, ಗಂಟು ಜಾರಬಾರದು. ಮೊದಲ ಸಲ ಮಾಡುವವರು ಇದಕ್ಕೆ ಕೈ ಹಾಕದೆ ಕುಶನ್ ಕೆಲಸದವರನ್ನು ಕರೆಯುವುದೇ ಲೇಸು. ಕರೆದಾಗ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ನಮ್ಮ ತಾಲೂಕಿನಲ್ಲಿ ಈ ಕೆಲಸ ಬಲ್ಲವರು ಕೈಬೆರಳಲ್ಲಿ ಎಣಿಸುವಷ್ಟು ಉಳಿದಿದ್ದಾರೆ.

ಸ್ಪ್ರಿಂಗಿನ ಮೇಲೆ ಗೋಣಿತಾಟು, ಅದರ ಮೇಲೆ ತೆಂಗಿನ ನಾರು, ನಾರು ಚುಚ್ಚದಂತೆ ಹತ್ತಿಯ ಒಂದು ಪದರ, ಕೊನೆಗೆ ಬಟ್ಟೆ. ಗೋಣಿ ನಮ್ಮ ಮನೆಗಳಲ್ಲಿ ಬೇಕಾದಷ್ಟಿದೆ. ಆದರೆ ಒಂದು ಎಚ್ಚರಿಕೆ. ಗೊಬ್ಬರ, ಕೀಟನಾಶಕ, ಮೈಲುತುತ್ತ ಸೋಕಿದ ಚೀಲವನ್ನು, ಎಷ್ಟೇ ತೊಳೆದಿದ್ದರೂ, ಮನುಷ್ಯರು ಕೂರುವ ಮಲಗುವ ಯಾವುದಕ್ಕೂ ಬಳಸಕೂಡದು. ಕಾಫಿಯೋ ಅಡಿಕೆಯೋ ತುಂಬಿದ ಸಣಬಿನ ಚೀಲವಾದರೆ ಕುದಿಯುವ ನೀರಲ್ಲಿ ಅದ್ದಿ, ಖಡಕ್ಕಾಗಿ ಒಣಗಿಸಿ ಬಳಸಬಹುದು. ಅಂಚಿನ ಹೊಲಿಗೆಗೆ ಚೀಲ ಹೊಲಿಯುವ ದಬ್ಬಣವೇ ಸಾಕು. ಕಟ್ಟಿದ ಸೋಫಾದ ಹೊರಗಿನಿಂದಲೇ ಹೊಲಿಯಬೇಕಾದ ಕಡೆ ಮಾತ್ರ ಬಾಗಿದ ದಬ್ಬಣ ಬೇಕಾಗುತ್ತದೆ.

ಇನ್ನು ದಿಂಬುಗಳ ಮಾತು. ಮರದ ಚೌಕಟ್ಟಿನ ಮೇಲೆ ಬಿಡಿ ದಿಂಬು ಇಡುವ ಸೋಫಾಗಳಿದ್ದರೆ ನೀವು ಪುಣ್ಯವಂತರು. ಹೊಲಿಗೆ ಬಲ್ಲ ಯಾರಾದರೂ ಇವನ್ನು ಮನೆಯಲ್ಲೇ ಮಾಡಬಹುದು. ಬಟ್ಟೆ ಎಷ್ಟು ಬೇಕೆಂಬುದು ಎಲ್ಲರೂ ಎಡವುವ ಜಾಗ. 22 ಅಂಗುಲ ಚೌಕದ, 4 ಅಂಗುಲ ದಪ್ಪದ ದಿಂಬೆಂದು ಇಟ್ಟುಕೊಳ್ಳಿ. ಹೊಲಿಗೆಗೆ ಸುತ್ತಲೂ ಅರ್ಧ ಅಂಗುಲ ಬಿಟ್ಟರೆ ಮೇಲಿನ ತುಂಡು, ಅಡಿಯ ತುಂಡು ತಲಾ 23 ಅಂಗುಲ. 54 ಅಂಗುಲ ಪನ್ನದ ಬಟ್ಟೆಯಲ್ಲಿ ಇವೆರಡೂ ಪಕ್ಕಪಕ್ಕದಲ್ಲಿ ಬರುತ್ತವೆ. ಸುತ್ತಿನ ಪಟ್ಟಿ 5 ಅಂಗುಲ ಅಗಲದ ಎರಡು ತುಂಡು, ಅಂದರೆ ಇನ್ನು 10 ಅಂಗುಲ ಉದ್ದ. ಒಟ್ಟು 33. ಒಂದು ದಿಂಬಿಗೆ ಒಂದು ಗಜ ಹಿಡಿದರೆ ಉಳಿಯುವ 3 ಅಂಗುಲದಲ್ಲಿ ಜಿಪ್ಪಿನ ಪಟ್ಟಿ ಹೊರಡುತ್ತದೆ. ಮೂವರ ಸೋಫಾ, ಎರಡು ಒಂಟಿ ಕುರ್ಚಿ, ಕೂರಲು ಒಂದು ಒರಗಲು ಒಂದರಂತೆ ಹತ್ತು ದಿಂಬು: ಹತ್ತು ಗಜ, ಅಂಚಿನ ಪೈಪಿಂಗಿಗೆ ಇನ್ನೊಂದು. ಗೀರು, ಹೂವು ಕೂಡಿಸಬೇಕಾದ ಬಟ್ಟೆ ಆರಿಸಿದರೆ ಈ ಲೆಕ್ಕ ನಡೆಯದು, ಹೆಚ್ಚು ಬೇಕು. ನನ್ನ ಸಲಹೆ ಕೇಳಿದರೆ ಒಂದೇ ಬಣ್ಣದ ದಪ್ಪ ಹತ್ತಿ ಬಟ್ಟೆ. ಕತ್ತರಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೆ ಕುಗ್ಗಿ, ಗವಸು ದಿಂಬಿಗೆ ಹತ್ತದು. ಪೈಪಿಂಗಿನ ಪಟ್ಟಿಯನ್ನು ಬಟ್ಟೆಗೆ ಓರೆಯಾಗಿ ಕತ್ತರಿಸಿದರೆ ಮೂಲೆಯಲ್ಲಿ ಸುಕ್ಕಿಲ್ಲದೆ ತಿರುಗುತ್ತದೆ. ಜಿಪ್ಪು ಹಿಂಬದಿಯ ಅಳತೆಗಿಂತ ಎರಡೂ ಕಡೆ ಎರಡೆರಡು ಅಂಗುಲ ಉದ್ದವಿರಲಿ, ಗವಸು ತೊಡಿಸುವಾಗ ಜಗಳವಾಗದು.

ನಮ್ಮ ಮನೆಯಲ್ಲಿ ಇದೆಲ್ಲ ಹೊಲಿದದ್ದು ತಾಯಿಯವರ ಕಾಲ್ತುಳಿತದ ಉಷಾ ಯಂತ್ರದಲ್ಲಿ. ಕುಪ್ಪಸ ಹೊಲಿಯುವ ಯಂತ್ರ ಈ ದಪ್ಪ ಬಟ್ಟೆ ಎಳೆಯುತ್ತದೆಯೇ ಎಂಬ ಅನುಮಾನವಿತ್ತು. ಎಳೆಯುತ್ತದೆ, 16 ಅಥವಾ 18ನೆಯ ನಂಬರಿನ ಸೂಜಿ ಹಾಕಬೇಕು, ಹೊಲಿಗೆಯನ್ನು ಉದ್ದಕ್ಕೆ ಇಡಬೇಕು, ನಾಲ್ಕು ಪದರ ಕೂಡುವ ಕಡೆ ಕಾಲು ತೆಗೆದು ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಅವಸರಪಟ್ಟರೆ ಸೂಜಿ ಮುರಿದು ಕಣ್ಣಿಗೆ ಹಾರೀತು. ಮಳೆಗಾಲದಲ್ಲಿ ಯಂತ್ರವನ್ನು ಗೋಡೆಗೆ ತಾಗಿಸಿ ಇಡಬೇಡಿ. ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಬಾಬಿನ್ನಿನ ಜಾಗದ ನೂಲಿನ ಕಸ ತೆಗೆದು, ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಚಿಂದಿಯ ಮೇಲೆ ನಾಲ್ಕು ಸುತ್ತು ಓಡಿಸಿ. ಅಡುಗೆಯ ಎಣ್ಣೆ ಬಿಟ್ಟು ಯಂತ್ರ ಅಂಟಾಗಿಸಿದ ಮನೆಗಳನ್ನು ನಾನು ಬಲ್ಲೆ.

ಯಂತ್ರಗಳನ್ನು ಕಂಡರೆ ಅನುಮಾನಪಡುತ್ತಿದ್ದ ಗಾಂಧೀಜಿಯವರು 1924ರಲ್ಲಿ ಈ ವಿಚಾರ ಬಂದಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. 1851ರಲ್ಲಿ ಪೇಟೆಂಟ್ ಆದ ಆ ಯಂತ್ರ ಕಂತಿನ ಸಾಲದಲ್ಲಿ ಮಾರಾಟವಾಗಿ ಮನೆಮನೆ ಸೇರಿತು. ನಮ್ಮಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಯಾರಿ ಶುರುವಾದ ಉಷಾ ಬಂದ ಬಗೆಯೂ ಹೆಚ್ಚುಕಡಿಮೆ ಅದೇ. ನಮ್ಮ ತಂದೆಯವರೂ ಕಂತಿನಲ್ಲೇ ತಂದದ್ದು. ಇವತ್ತಿಗೆ ಎಷ್ಟು ಮನೆಗಳಲ್ಲಿ ಈ ಯಂತ್ರ ಟಿ.ವಿ. ಇಡುವ ಮೇಜಾಗಿದೆ ಎಂದು ನಾನು ಹೇಳಬೇಕಿಲ್ಲ.

ತುಂಬುವ ಹತ್ತಿಗೆ ಹಣ ಕೊಡುವವರನ್ನು ಕಂಡರೆ ನನಗೆ ವ್ಯಸನವಾಗುತ್ತದೆ. ತೋಟದ ಅಂಚಿನಲ್ಲಿ ಬೂರುಗದ ಮರ ಇದ್ದವರು ಬೇಸಿಗೆಯಲ್ಲಿ ಕಾಯಿ ಒಡೆಯುವ ಮೊದಲೇ ಇಳಿಸಿ, ಒಣಗಿಸಿ, ಬೀಜ ಬೇರ್ಪಡಿಸಿ ಇಟ್ಟುಕೊಂಡರೆ ವರ್ಷಕ್ಕೆ ನಾಲ್ಕಾರು ತಲೆದಿಂಬು ಪುಕ್ಕಟೆ. ಬೀಜ ಉಳಿದರೆ ಇಲಿ ಬರುತ್ತದೆ. ಗವಸಿಗೆ ಒತ್ತಾದ ನೇಯ್ಗೆಯ ಬಟ್ಟೆಯೇ ಬೇಕು, ಇಲ್ಲದಿದ್ದರೆ ನವಿರು ಹೊರಬಂದು ಮೂಗಿಗೆ ಹತ್ತುತ್ತದೆ. ಈ ಹತ್ತಿಗೆ ಬೆಂಕಿ ಬೇಗ ತಾಗುವುದರಿಂದ ಒಲೆ, ದೀಪ, ಬೀಡಿಯ ಹತ್ತಿರ ಇಡಬೇಡಿ. ಎಲ್ಲ ಒಣಗಿಸುವ ಕೆಲಸ ಮಳೆ ಹಿಡಿಯುವ ಮುಂಚೆ ಮುಗಿಯಬೇಕು. ಹೊಲಿಗೆಗೆ ಆಷಾಢವಿದೆ, ಔಷಧಿ ಹೊಡೆಯಲು ಹೊಳವಾಗದ ದಿನಗಳು ನಮಗೆ ಬೇಕಾದಷ್ಟು.

ಹಳೆಯ ಸೀರೆ ಪಂಚೆಗಳಿಂದ ಕೌದಿ ಹೊಲಿಯುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಈಗ ಅದರ ಹೆಸರನ್ನು ಲೋಕಕ್ಕೆ ತಿಳಿಸುತ್ತಿರುವವರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು. ಅವರು ಚೂರುಗಳನ್ನು ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಹೊಲಿಯುತ್ತ ಹೋಗಿ, ಮೂಲೆಗಳಲ್ಲಿ ಮಡಿಸಿದ ತುಂಡಿನ ಹೂವು ಕೂರಿಸುತ್ತಾರೆ. ನಾವು ಎಸೆದ ಕೆಲಸಕ್ಕೆ ಅವರ ಕೈಯಲ್ಲಿ ಮರ್ಯಾದೆ ಬಂದಿದೆ. ಬಣ್ಣಕ್ಕೂ ದೂರ ಹೋಗಬೇಕಿಲ್ಲ. ಅಡಿಕೆ ಬೇಯಿಸಿ ಉಳಿಯುವ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟುವುದನ್ನು ಹೆಗ್ಗೋಡಿನ ಚರಕ ಸಂಸ್ಥೆಯವರು ಮಾಡಿ ತೋರಿಸಿದ್ದಾರೆ. ನಮ್ಮ ಆರಾಮಕುರ್ಚಿಯ ಕ್ಯಾನ್ವಾಸನ್ನು ಪಟಿಕದ ನೀರಲ್ಲಿ ನೆನೆಸಿ, ಚೊಗರಿನಲ್ಲಿ ಕುದಿಸಿ ನೋಡಿದೆವು. ಹೊಸ ಇಟ್ಟಿಗೆಯಂಥ ಬಣ್ಣ ಬಂತು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ ಎರಡನೆಯ ತುಂಡು ಮಾತ್ರ ಮಸಿ ಬಣ್ಣಕ್ಕೆ ತಿರುಗಿತು. ಚೊಗರಿಗೂ ಕಬ್ಬಿಣಕ್ಕೂ ಆಗುವುದು ಹಾಗೆಯೇ. ಅದೀಗ ಕಾಫಿ ಕಣದಲ್ಲಿ ಕೂರುವವರ ಕುರ್ಚಿಗಾಗಿದೆ.

ಮಿತವ್ಯಯದ ಬಗ್ಗೆ ಒಂದು ಮಾತು ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಮನೆಯಲ್ಲೇ ಮಾಡಿದರೆ ಪುಕ್ಕಟೆ ಎಂದು ನಾವು ಹೇಳುತ್ತೇವೆ. ಪುಕ್ಕಟೆ ಯಾರಿಗೆ? ಸೋಫಾ ಮುಗಿದ ದಿನ ನಾನು ಉಳಿತಾಯದ ಮೊತ್ತವನ್ನು ಹೆಮ್ಮೆಯಿಂದ ಓದಿ ಹೇಳಿದಾಗ ನನ್ನ ಮನೆಯಾಕೆ ಕೇಳಿದಳು: "ಹನ್ನೊಂದು ದಿನ ಮಧ್ಯಾಹ್ನ ನಾನು ತುಳಿದದ್ದು ಯಾವ ಕಾಲಮ್ಮಿನಲ್ಲಿದೆ?" ಕಾರ್ಯದರ್ಶಿಯಾಗಿ ಇಪ್ಪತ್ತು ವರ್ಷ ಆಡಿಟಿಗೆ ಉತ್ತರ ಕೊಟ್ಟವನು, ಇದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ನಮ್ಮ ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಹೊಲಿಗೆ ಬಾಬ್ತು ಎಂಬ ಬೇರೆ ಪುಟವಿದೆ. ಪೇಟೆಯ ದರದಲ್ಲಿ ಕೂಲಿ ಬರೆದು, ಆ ಹಣ ಅವಳ ಉಳಿತಾಯ ಖಾತೆಗೆ ಹೋಗುತ್ತದೆ. ಹಾಗೆ ಲೆಕ್ಕ ಹಿಡಿದರೂ ಹೊಸದು ಕೊಳ್ಳುವುದಕ್ಕಿಂತ ನಮಗೆ ಲಾಭವೇ ಆಯಿತು. ಆದರೆ ಲಾಭ ಮೊದಲು ಹೇಳಿದಷ್ಟು ದೊಡ್ಡದಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ತಾಯಿಯವರು ಈಗ ತೊಂಬತ್ತರ ಸಮೀಪ. ಸೂಜಿಗೆ ದಾರ ಪೋಣಿಸಲು ಕಣ್ಣು ಬಿಡುವುದಿಲ್ಲ. ಆ ಸೋಫಾದ ಮೇಲೆಯೇ ಕೂರುತ್ತಾರೆ. ಪಟ್ಟಿ ಹಾಕಿದ್ದು 2003ರಲ್ಲಿ, ಒಮ್ಮೆ ಮಾತ್ರ ಬದಲಾಗಿದೆ, ಗವಸು ನಾಲ್ಕನೆಯದು. ಕುರ್ಚಿಗಳು ಹಿಂದಿರುಗಿ ಬರಲಿಲ್ಲ.

ಸದಸ್ಯರ ಉಪಯೋಗಕ್ಕಾಗಿ ಸಂಘದ ಕಚೇರಿಯ ಕಪಾಟಿನಲ್ಲಿ ಪಟ್ಟಿ ಎಳೆಯುವ ಮರದ ತುಂಡು, ಸಣ್ಣ ಸುತ್ತಿಗೆ, ಮೊಳೆ ಕೀಳುವ ಉಳಿ, ಎರಡು ನೇರ ದಬ್ಬಣ ಮತ್ತು ಒಂದು ಬಾಗಿದ ದಬ್ಬಣ ಇಡಲಾಗಿದೆ. ಪುಸ್ತಕದಲ್ಲಿ ರುಜು ಹಾಕಿ ಒಂದು ವಾರದ ಮಟ್ಟಿಗೆ ಒಯ್ಯಬಹುದು, ಬಾಡಿಗೆ ಇಲ್ಲ. ಆಷಾಢದಲ್ಲಿ ಒಂದು ದಿನ ಗೋದಾಮಿನಲ್ಲಿ ಪಟ್ಟಿ ಹಾಕುವುದನ್ನು ತೋರಿಸಿಕೊಡಲು ಮೇಲೆ ಹೇಳಿದ ಸಾಬರು ಒಪ್ಪಿದ್ದಾರೆ, ದಿನಾಂಕವನ್ನು ಫಲಕದಲ್ಲಿ ಹಾಕಲಾಗುವುದು. ಮುರಿದ ಕುರ್ಚಿ ಇದ್ದವರು ಒಂದನ್ನು ತಂದರೆ ಅದರ ಮೇಲೆಯೇ ಪಾಠ. ಹೊಲಿಯುವ ಮಹಿಳಾ ಸದಸ್ಯರು ದಯವಿಟ್ಟು ಬರಬೇಕು, ಗಂಡಸರು ಪಟ್ಟಿ ಎಳೆಯಲು ಬರಬೇಕು. ಅಂದ ಹಾಗೆ, ಹೋದ ಮಳೆಗಾಲದಲ್ಲಿ ಒಯ್ದ ಬಾಗಿದ ದಬ್ಬಣ ಇನ್ನೂ ಕಪಾಟಿಗೆ ಬಂದಿಲ್ಲ. ಯಾರ ಬಳಿ ಇದೆ ಎಂಬುದು ಪುಸ್ತಕದಲ್ಲಿದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ.